ದೇವಯ್ಯ ಕೇಳದೆ ಬಿಟ್ಟ ಪ್ರಶ್ನೆ

ಡಾಕ್ಟರ ಮೇಜಿಗೂ ರೋಗಿ ಕೂರುವ ಸ್ಟೂಲಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಆ ಜಾಗದಲ್ಲಿ ದೇವಯ್ಯ ನಿಂತು ಹನ್ನೊಂದು ವರ್ಷವಾಗಿತ್ತು. ಸರ್ಕಾರದ ಕಾಗದದಲ್ಲಿ ಅವನು ಅಟೆಂಡರು, ಬಾಗಿಲು ತೆರೆಯುವವನು, ಸಿರಿಂಜು ಕುದಿಸುವವನು. ನಿಜದಲ್ಲಿ ಅವನೊಂದು ದಿನ ರಜ ಹಾಕಿದರೆ ಮಲಯಾಳ ಸೀಮೆಯ ಕಾಡಂಚಿನ ಆ ಆಸ್ಪತ್ರೆಗೆ ಬಾಯಿ ಕಟ್ಟಿಹೋಗುತ್ತಿತ್ತು. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬರುವ ಡಾಕ್ಟರುಗಳಿಗೆ ಮಲಯಾಳ ಬಿಟ್ಟರೆ ಇಂಗ್ಲಿಷು. ಬೇಗೂರು, ತಿರುನೆಲ್ಲಿ ಕಡೆಯ ಆದಿವಾಸಿ ಹಾಡಿಗಳಿಂದ ಇಳಿದು ಬರುವವರದು ಕನ್ನಡದ ಮಗ್ಗುಲಲ್ಲೇ ಮಲಗೆದ್ದಂತಿರುವ ಒಂದು ಮಾತು. ಸರಗೂರು ಕಡೆಯಿಂದ ಅಂಗಡಿ ಇಡಲು ಬಂದವನ ಮಗನಾಗಿ, ಇಲ್ಲಿನ ಶಾಲೆಯಲ್ಲಿ ಮಲಯಾಳ ಕಲಿತ ದೇವಯ್ಯ ಎರಡನ್ನೂ ಬಲ್ಲ. ಡಾಕ್ಟರು ಅವನ ಮುಖ ನೋಡಿ ಕೇಳುತ್ತಾರೆ, ರೋಗಿ ಅವನ ಮುಖ ನೋಡಿ ಹೇಳುತ್ತಾನೆ. ಹೀಗೆ ಎರಡು ಕಡೆಯಿಂದಲೂ ನೋಡಿಸಿಕೊಂಡು ಅವನಿಗೆ ತನ್ನ ಮುಖದ ಬಗ್ಗೆ ಸ್ವಲ್ಪ ಹೆಮ್ಮೆಯೇ ಬಂದುಬಿಟ್ಟಿತ್ತು.

ಅವನ ಕೆಲಸದಲ್ಲಿ ಒಂದು ಗುಟ್ಟಿತ್ತು, ಐವರು ಡಾಕ್ಟರು ಬಂದುಹೋದರೂ ಯಾರಿಗೂ ತಿಳಿಯದ್ದು. ಡಾಕ್ಟರು ಹೆಂಗಸರಿಗೆ ಕೇಳುವ ಕೆಲವು ಪ್ರಶ್ನೆಗಳನ್ನು ದೇವಯ್ಯ ಕೇಳುತ್ತಲೇ ಇರಲಿಲ್ಲ. ಬಿಳಿ ಹೋಗುತ್ತದೆಯೇ, ಗಂಡನ ಜೊತೆ ಮಲಗಿದಾಗ ನೋವೇ, ಗಂಡ ಬೇರೆಯವರ ಹತ್ತಿರ ಹೋಗುತ್ತಾನೆಯೇ? ಅವ್ವ, ತಂಗಿ ಎಂದು ಕರೆದು ಸ್ಟೂಲಿನ ಮೇಲೆ ಕೂರಿಸಿದವಳ ಮುಖ ನೋಡಿಕೊಂಡು ಇದನ್ನೆಲ್ಲ ಯಾವ ಬಾಯಿಂದ ಕೇಳುವುದು? ಅದಕ್ಕೆ ಅವನೊಂದು ದಾರಿ ಕಂಡುಕೊಂಡಿದ್ದ. ಡಾಕ್ಟರು ಅದನ್ನು ಕೇಳಿದಾಗ ಇವನು ರೋಗಿಗೆ, 'ಊಟ ಸೇರ್ತದೇನವ್ವ?' ಎನ್ನುತ್ತಿದ್ದ. ಅವಳು 'ಇಲ್ಲ' ಎಂದು ತಲೆಯಾಡಿಸಿದರೆ ಡಾಕ್ಟರಿಗೆ 'ಇಲ್ಲ' ಎನ್ನುತ್ತಿದ್ದ. ಸೇರ್ತದೆ ಎಂದರೂ 'ಇಲ್ಲ' ಎನ್ನುತ್ತಿದ್ದ. ಆ ಒಂದು ಮಾತು ಎರಡು ಭಾಷೆಯಲ್ಲೂ ಒಂದೇ, ಬದಲಾಯಿಸುವ ಶ್ರಮವೂ ಇಲ್ಲ. ಯಾರ ಮಾನವೂ ಹೋಗಲಿಲ್ಲ, ಸರತಿಯೂ ಬೇಗ ಸಾಗಿತು ಎಂದು ಮರ್ಯಾದಸ್ಥನಾದ ದೇವಯ್ಯ ಸಮಾಧಾನ ಪಟ್ಟುಕೊಳ್ಳುತ್ತಿದ್ದ.

ಆ ಶನಿವಾರ ಬೆಳಿಗ್ಗೆಯಿಂದ ಮಾತ್ರ ಅವನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಹನ್ನೆರಡಕ್ಕೆ ಭಾಗ್ಯಮ್ಮ ಬರುವವಳಿದ್ದಳು. ಅವನ ಹೆಂಡತಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಉಸಿರೆಳೆದರೆ, ಕೆಮ್ಮಿದರೆ, ನಕ್ಕರೆ ಚುಚ್ಚುತ್ತಿತ್ತು. ಮೊದಮೊದಲು ಗ್ಯಾಸು ಎಂದರು. ಆಮೇಲೆ ಇನ್ನೊಬ್ಬರು ಎದೆಯ ಫೋಟೋ ತೆಗೆಸಿ ಕ್ಷಯವಿರಬಹುದೆಂದು ಮೂರು ತಿಂಗಳು ಸೂಜಿ ಚುಚ್ಚಿದರು. ಕಡೆಗೆ ಘಾಟಿಯ ಕೆಳಗಿನ ದೊಡ್ಡಾಸ್ಪತ್ರೆಯ ಸರ್ಜನ್, ಪಿತ್ತಕೋಶ ಕೆಟ್ಟಿದೆ, ತೆಗೆದುಬಿಡೋಣ ಎಂದು ಸೋಮವಾರಕ್ಕೆ ಹಾಸಿಗೆ ಕೊಟ್ಟಿದ್ದರು. ಹೊಸ ಡಾಕ್ಟರ್ ಲೀಲ ಇದನ್ನು ಕೇಳಿ, 'ಕುಯ್ಯುವ ಮೊದಲು ನನಗೊಮ್ಮೆ ಕಾಗದ ತೋರಿಸಿ, ಅವರನ್ನೂ ಕರೆತನ್ನಿ' ಎಂದಿದ್ದರು. ಭಾಗ್ಯಮ್ಮ ನಗುವುದನ್ನೇ ಬಿಟ್ಟಿದ್ದಳು. ನೋವಿಗೋ ಬೇಸರಕ್ಕೋ ಎಂದು ಅವನು ಕೇಳಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಅವನ ತಾಯಿ ನಿಂಗಮ್ಮ ಸಾಯುವವರೆಗೂ ಸೊಸೆಯ ಕೈಯಿಂದ ಬಾಣಂತಿಯರ ಮನೆಗೆ ಒಂದು ಲೋಟ ಹಾಲನ್ನೂ ಕಳಿಸಿರಲಿಲ್ಲ. ಆಗೆಲ್ಲ ಅವನು ಅಂಗಳಕ್ಕೆ ಹೋಗಿ ಸುಮ್ಮನೆ ಸೌದೆ ಒಡೆಯುತ್ತಿದ್ದ, ಒಡೆದಿದ್ದನ್ನೇ ಇನ್ನಷ್ಟು ಸಣ್ಣಗೆ.

ಹೊರಗೆ ಪೋಲೀಸ್ ಜೀಪೊಂದು ಆಸ್ಪತ್ರೆಯ ಮುಂದೆ ನಿಧಾನ ಮಾಡಿ ಮುಂದೆ ಹೋಯಿತು. ಸರತಿಯಲ್ಲಿದ್ದವರ ಮಾತು ತಟ್ಟನೆ ನಿಂತು, ಜೀಪು ತೋಲ್ಪೆಟ್ಟಿ ಕಡೆ ತಿರುಗಿದ ಮೇಲೆ ಮತ್ತೆ ಶುರುವಾಯಿತು. ಯಾರೋ ಜಮೀನುದಾರನ ಕಣದ ಕೊಟ್ಟಿಗೆ ಸುಟ್ಟಿದ್ದರಂತೆ, ಗೋಡೆಯ ಮೇಲೆ ಕೆಂಪು ಅಕ್ಷರ ಬರೆದಿದ್ದರಂತೆ; ನಕ್ಸಲರನ್ನು ಹುಡುಕಲು ಈ ವರ್ಷ ಮತ್ತೆ ಪೋಲೀಸ್ ಕ್ಯಾಂಪು ಬಂದಿತ್ತು. ದೇವಯ್ಯನ ಕಣ್ಣು ತನಗೆ ಬೇಡದಿದ್ದರೂ ಸರತಿಯಲ್ಲಿ ಮಾರನ್‌ನನ್ನು ಹುಡುಕಿತು. ಅವನು ಕಂಬಕ್ಕೊರಗಿ ಬಲಗಾಲನ್ನು ನೀಡಿಕೊಂಡು ಕೂತಿದ್ದ. ಪಕ್ಕದಲ್ಲಿ ಹೆಂಡತಿ ಕೆಂಪಿ, ಮಡಿಲಲ್ಲಿ ಆರು ವಾರದ ಕೂಸು.

ಆ ಕಾಲನ್ನು ಕಂಡಾಗಲೆಲ್ಲ ದೇವಯ್ಯನಿಗೆ ಶಾಲೆಯ ಜಗುಲಿ ನೆನಪಾಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಕ್ಯಾಂಪು ಹಾಕಿದ್ದು ಆ ಶಾಲೆಯಲ್ಲೇ. ಆಗ ಮಾರನ್ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಅವನ ಮಾತು ಅಧಿಕಾರಿಗೆ ತಿಳಿಯದೆ, ಎರಡೂ ಬಲ್ಲವನೆಂದು ದೇವಯ್ಯನನ್ನು ಕರೆಸಿದ್ದರು. ನಕ್ಸಲರು ನಿಮ್ಮ ಹಾಡಿಗೆ ಬಂದಿದ್ದರೇ ಎಂದು ಅಧಿಕಾರಿ ಕೇಳಿದ, ಇವನು ಕೇಳಿದ. 'ಬಂದಿದ್ರು ಅಣ್ಣ, ನಾಕು ಜನ. ಗಂಜಿ ಕೇಳುದ್ರು. ಹಸ್ದು ಬಂದೋರ್ಗ ಇಲ್ಲ ಅನ್ನಾಕಾಯ್ತದಾ?' ಎಂದ ಮಾರನ್. ದೇವಯ್ಯ ಅದನ್ನು ಒಂದಕ್ಷರ ಬಿಡದೆ ಮಲಯಾಳಕ್ಕೆ ತಂದ. ನಾಲ್ಕು ಜನ ಎಂಬುದನ್ನೂ ತಂದ, ಗಂಜಿಯನ್ನೂ ತಂದ, ಕೊನೆಯ ಆ ಪ್ರಶ್ನೆಯನ್ನಂತೂ ಒಳ್ಳೆಯ ಪುಸ್ತಕದ ಮಲಯಾಳದಲ್ಲಿ ತಂದ. ಅಧಿಕಾರಿ ತನ್ನ ಭಾಷೆಯನ್ನು ಮೆಚ್ಚುತ್ತಿದ್ದಾನೆಂದು ಆ ಕ್ಷಣ ಅವನಿಗೆ ಸಂತೋಷವೂ ಆಗಿತ್ತು. ಅಲ್ಲಿ ಒಂದು 'ಇಲ್ಲ' ಅಂದಿದ್ದರೆ ಸಾಕಿತ್ತು. ಎರಡು ಭಾಷೆಯಲ್ಲೂ ಒಂದೇ ಮಾತು. ಅಂದಿರಲಿಲ್ಲ. ಆಮೇಲೆ ಲಾಠಿ ಮಂಡಿಯ ಮೇಲೆ ಬಿದ್ದ ಸದ್ದು, ಮಾರನ್ ಕಿರುಚದೆ ತನ್ನನ್ನೇ ನೋಡಿದ್ದು. ಆ ಅಧಿಕಾರಿಯ ಶಿಫಾರಸಿನಿಂದಲೇ ಇವನಿಗೆ ಆಸ್ಪತ್ರೆಯ ಈ ಕೆಲಸ ಸಿಕ್ಕಿದ್ದು.

'ಮಾರನ್' ಎಂದು ಡಾಕ್ಟರ್ ಲೀಲ ಚೀಟಿ ನೋಡಿ ಕೂಗಿದರು. ಮೂವತ್ತರ ಆಸುಪಾಸಿನ ಹೆಂಗಸು, ಕಾಲೇಜಿನ ವಾಸನೆ ಇನ್ನೂ ಹೋಗಿರಲಿಲ್ಲ. ಊಟದ ಹೊತ್ತಿನಲ್ಲೂ ಯಾವುದೋ ವೈದ್ಯಕೀಯ ಪತ್ರಿಕೆಗೆ ಗೆರೆ ಎಳೆಯುತ್ತ ಕೂರುತ್ತಿದ್ದರು. ಗಂಡ ಹೆಂಡಿರಿಬ್ಬರನ್ನೂ ಒಟ್ಟಿಗೇ ಕರೆದರು. ಕೂಸು ಕೆಮ್ಮಿತು: ಬಿಡಿಬಿಡಿಯಾಗಿ, ಒಂದೊಂದೇ, ನಡುವೆ ಉಸಿರಿಗೆ ತಡಕಾಡುವ ಕೆಮ್ಮು. ಜ್ವರವಿಲ್ಲ. ಕಣ್ಣಂಚಿನಲ್ಲಿ ಹಳದಿ ಪಿಸುರು ಒಣಗಿತ್ತು. ಡಾಕ್ಟರು ಕೂಸಿನ ರೆಪ್ಪೆ ಬಿಡಿಸಿ ನೋಡಿದರು, ಆಮೇಲೆ ಮಾರನ್‌ನ ರೆಪ್ಪೆಯನ್ನೂ ಎಳೆದು ನೋಡಿದರು. ಅವನ ಕಣ್ಣೂ ಕೆಂಪಗಿತ್ತು. ಕೆಂಪಿ ಸೆರಗಿನ ಗಂಟಿನಿಂದ ಮಡಚಿದ ಮೂರು ಚೀಟಿ ತೆಗೆದುಕೊಟ್ಟಳು. ಒಂದು ಕಣ್ಣಿನ ಕ್ಯಾಂಪಿನವರದು, ಹನಿ ಬರೆದಿದ್ದರು. ಒಂದು ಮಕ್ಕಳ ಡಾಕ್ಟರದು, ಕೆಮ್ಮಿಗೆ ಪೆನಿಸಿಲಿನ್. ಇನ್ನೊಂದು ಮೂಳೆ ಡಾಕ್ಟರದು. ಮಂಡಿಯಿಂದ ನೀರು ತೆಗೆದು, 'ಹಳೆಯ ಪೆಟ್ಟು' ಎಂದು ಬರೆದು ಕಳಿಸಿದ್ದರು. ಮೂರನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿ ಡಾಕ್ಟರ್ ಲೀಲ ಬಹಳ ಹೊತ್ತು ನೋಡಿದರು.

'ಇವನ ಮಂಡಿ ಊದುವ ಮೊದಲು ಮೂತ್ರ ಉರಿಯಾಗಿತ್ತೇ? ಹೆಂಡತಿಯಲ್ಲದೆ ಬೇರೆ ಹೆಂಗಸಿನ ಹತ್ತಿರ ಹೋಗಿದ್ದನೇ? ಕೇಳಿ ದೇವಯ್ಯ' ಎಂದರು ಮಲಯಾಳದಲ್ಲಿ.

ದೇವಯ್ಯ ಕೇಳಲಿಲ್ಲ. 'ಅದೆಲ್ಲ ಇಲ್ಲ ಮೇಡಂ. ಅದು ಪೋಲೀಸರ ಪೆಟ್ಟು, ಹನ್ನೊಂದು ವರ್ಷದ್ದು. ಹೋದ ಸಲ ಬಂದಾಗಲೂ ಹೇಳಿದ್ದೆನಲ್ಲ' ಎಂದ. ಹೇಳುವಾಗ ಅವನ ದನಿ ತಗ್ಗಿತ್ತು. ಈ ಒಂದು ವಿಷಯದಲ್ಲಿ ತಾನು ಪ್ರಾಮಾಣಿಕನೆಂದು, ಆ ಮಂಡಿಯ ಹೊರೆಯನ್ನು ತಾನು ಇಷ್ಟು ವರ್ಷ ಹೊತ್ತಿರುವೆನೆಂದು ಅವನಿಗೆ ಒಳಗೊಳಗೇ ಒಂದು ಬಗೆಯ ತೃಪ್ತಿ ಇತ್ತು.

ಮಾರನ್ ತಲೆಯೆತ್ತಿದ. 'ಆ ಕಾಲಲ್ಲ ದೇವಯ್ಯಣ್ಣ' ಎಂದ. 'ಅವ್ರು ಹೊಡ್ದದ್ದು ಎಡ್ಗಾಲ್ಗ. ಅದು ಆಗ್ಲೇ ವಾಸಿಯಾಯ್ತು. ಇದು ಬಲ್ಗಾಲು.'

ದೇವಯ್ಯ ಮಾರನ್‌ನ ಎರಡು ಕಾಲನ್ನೂ ನೋಡಿದ. ಎಡ ಮಂಡಿಯ ಮೇಲೆ ಹಳೆಯ ಗಾಯದ ಬಿಳಿ ಗುರುತಿತ್ತು, ಹನ್ನೊಂದು ವರ್ಷ ಅವನು ಒಮ್ಮೆಯೂ ನೋಡದಿದ್ದ ಗುರುತು. ಹೋದ ಸಲವೂ ಮಾರನ್ ಬಾಯಿ ತೆರೆಯುವ ಮೊದಲೇ ತಾನು ಉತ್ತರ ಕೊಟ್ಟುಬಿಟ್ಟಿದ್ದ. ಪಶ್ಚಾತ್ತಾಪಕ್ಕೂ ಎಷ್ಟು ಅವಸರ! ಊದಿದ ಕಾಲು ಕಂಡ ಕೂಡಲೇ ಅದು ತನ್ನದೇ ಎಂದು ಎತ್ತಿಕೊಂಡಿದ್ದ.

ಮಾರನ್ ಅವನನ್ನು ದಾಟಿ ಡಾಕ್ಟರ ಕಡೆ ತಿರುಗಿ, ಎಸ್ಟೇಟಿನಲ್ಲಿ ಕಲಿತ ಒರಟು ಮಲಯಾಳದಲ್ಲಿ ತಾನೇ ಹೇಳತೊಡಗಿದ. ಕಾಪಿ ಕೊಯ್ಲಿಗೆ ಕುಟ್ಟದ ಕಡೆ ಹೋಗಿದ್ದು, ಕೂಲಿಗಳ ಲೈನ್ ಮನೆಯಲ್ಲಿ ಒಬ್ಬಳ ಜೊತೆ ಇದ್ದದ್ದು, ಊರಿಗೆ ಬಂದ ಮೇಲೆ ನಾಲ್ಕು ದಿನ ಉಚ್ಚೆ ಉರಿದದ್ದು. ಆಮೇಲೆ ಕಣ್ಣು, ಆಮೇಲೆ ಮಂಡಿ. ಕೆಂಪಿ ಕೂಸಿನ ಬೆನ್ನು ಸವರುತ್ತ ಕೇಳುತ್ತಿದ್ದಳು. ಇದು ಅವಳಿಗೆ ಹೊಸದಲ್ಲವೆಂದು ಅವಳ ಕೈಯೇ ಹೇಳುತ್ತಿತ್ತು.

'ಹೋದ್ ಕಿತ ಬಂದಾಗ್ಲೇ ಕೇಳಿದ್ರ ಹೇಳಿರ್ತಿದ್ದ' ಎಂದಳು ಕೆಂಪಿ, ದೇವಯ್ಯನಿಗೆ. 'ಹೇಳು ಅಂತ ನಾನೇ ಕರ್ಕೊಂಡು ಬಂದಿದ್ದಿ. ನೀ ಕೇಳ್ನಿಲ್ಲ. ನಾಚ್ಕ ನಿಂಗಾ ಅಣ್ಣ, ನಮ್ಗಾ? ಕೂಸ್ಗ ಉಸ್ರು ಬತ್ತಿಲ್ಲ ನೋಡು.'

ಡಾಕ್ಟರು ಬೇಗಬೇಗ ಬರೆದರು. ಕೂಸಿಗೆ ಸಿರಪ್, ಇಲ್ಲೇ ವಾರ್ಡಿನಲ್ಲಿ ಇರಬೇಕು. ಮಾರನ್‌ಗೆ ಟೆಟ್ರಾಸೈಕ್ಲಿನ್. ಕೆಂಪಿ ಹಾಲೂಡಿಸುವವಳಾದ್ದರಿಂದ ಅವಳಿಗೆ ಬೇರೆ ಗುಳಿಗೆ. ಅವಳಿಗೆ ಏನೂ ತೊಂದರೆ ಕಾಣದಿದ್ದರೂ ಅವಳೂ ನುಂಗಬೇಕು. ಅವರು ವಾರ್ಡಿಗೆ ಹೋದ ಮೇಲೆ ಡಾಕ್ಟರು ಬೈಯುವರೆಂದು ದೇವಯ್ಯ ಕಾದ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಡಾಕ್ಟರ್ ಲೀಲ ಯಾರಿಗೋ ಪಾಠ ಒಪ್ಪಿಸುವಂತೆ ಮೂರು ಚೀಟಿಗಳ ಮೇಲೆ ಬೆರಳಿಟ್ಟು ಹೇಳಿದರು: 'ಒಂದೇ ರೋಗಾಣು ದೇವಯ್ಯ, ಕ್ಲಮೀಡಿಯಾ ಅಂತ. ಗಂಡನಿಂದ ಹೆಂಡತಿಗೆ, ಹೆರುವಾಗ ಅವಳಿಂದ ಕೂಸಿಗೆ. ಕಣ್ಣಿನವರು ಕಣ್ಣು ನೋಡಿದರು, ಮೂಳೆಯವರು ಮಂಡಿ ನೋಡಿದರು, ಮಕ್ಕಳ ಡಾಕ್ಟರು ಎದೆ ನೋಡಿದರು. ಯಾರೂ ತಪ್ಪು ನೋಡಲಿಲ್ಲ. ಆದರೆ ಮೂವರನ್ನೂ ಸೇರಿಸುವುದು ಆ ಒಂದು ಪ್ರಶ್ನೆ. ಹೆಂಗಸರಲ್ಲಿ ಇದು ಇನ್ನೂ ಗುಟ್ಟಾಗಿರುತ್ತದೆ. ಒಳಗೇ ಮೇಲಕ್ಕೆ ಹತ್ತಿ, ಕೆಲವರಿಗೆ ಬಲ ಪಕ್ಕೆಲುಬಿನ ಕೆಳಗೆ, ಯಕೃತ್ತಿನ ಹೊದಿಕೆಯ ಮೇಲೆ ಕೂರುತ್ತದೆ. ಉಸಿರೆಳೆದರೆ ಚುಚ್ಚುತ್ತದೆ. ಎಲ್ಲರೂ ಪಿತ್ತಕೋಶ ಅಂದುಕೊಳ್ಳುತ್ತಾರೆ. ಗರ್ಭನಾಳ ಮುಚ್ಚಿಹೋದರೆ ಮಕ್ಕಳೂ ಆಗುವುದಿಲ್ಲ.' ಅಷ್ಟು ಹೇಳಿ ಅವರು ತಟ್ಟನೆ ಅವನ ಮುಖ ನೋಡಿದರು. 'ನಿಮ್ಮ ಹೆಂಡತಿ ಎಷ್ಟೊತ್ತಿಗೆ ಬರುತ್ತಾರೆ?'

'ಹನ್ನೆರಡಕ್ಕೆ' ಎಂದ ದೇವಯ್ಯ. ಆಗ ಹನ್ನೊಂದೂಕಾಲು.

ಸಿರಿಂಜು ಕುದಿಯುವ ಪಾತ್ರೆಯ ಮುಂದೆ ಅವನು ನಿಂತ. ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಮಾರನ್‌ನ ಕೇಸಿನಲ್ಲಿ ಸಾಕ್ಷಿ ಹೇಳಲೆಂದು ಹನ್ನೊಂದು ವರ್ಷದ ಹಿಂದೆ ಪೋಲೀಸರು ಅವನನ್ನು ಕರೆದೊಯ್ದಿದ್ದರು, ಬೆಟ್ಟದ ಕೆಳಗಿನ ಕೋರ್ಟಿನ ಪಟ್ಟಣಕ್ಕೆ. ಇಬ್ಬರು ಕಾನ್‌ಸ್ಟೇಬಲುಗಳು, ಒಂದು ಲಾಡ್ಜು, ಮಧ್ಯಾಹ್ನದ ಬಿಸಿಲು, ಲಾಡ್ಜಿನ ಹಿಂದಿನ ಬೀದಿಯಲ್ಲಿ ನೀಲಿ ಬಾಗಿಲು. ಚೆನ್ನಾಗಿ ಸಾಕ್ಷಿ ಹೇಳಿದ್ದಕ್ಕೆ ಬಾ ಮಾರಾಯ ಎಂದಿದ್ದರು. ಯಾರೂ ಕೈ ಹಿಡಿದು ಎಳೆದಿರಲಿಲ್ಲ. ಇವನೇ ಹೋದದ್ದು, ತನ್ನ ಕಾಲ ಮೇಲೆ, ಮದುವೆಯಾಗಿ ಒಂದು ವರ್ಷವಾದವನು. ಊರಿಗೆ ಬಂದು ವಾರಕ್ಕೆ ಉರಿ ಶುರುವಾಯಿತು. ಆಗಿನ ಕಂಪೌಂಡರ್ ವೇಲಾಯುಧನ್ ಕಣ್ಣು ಮಿಟುಕಿಸಿ ಎರಡು ದಿನದ ಗುಳಿಗೆ ಕೊಟ್ಟಿದ್ದ. ಉರಿ ನಿಂತಿತು, ಮುಗಿಯಿತು ಅಂದುಕೊಂಡ. ನಿಂತದ್ದಕ್ಕೂ ಮುಗಿದದ್ದಕ್ಕೂ ವ್ಯತ್ಯಾಸವಿದೆ ಎಂದು ಯಾರು ಕೇಳಿದ್ದರು, ಯಾರು ಹೇಳಿದ್ದರು? ಭಾಗ್ಯಮ್ಮ ಅಮಾವಾಸ್ಯೆಗೊಮ್ಮೆ ಮಗುವಿಗಾಗಿ ಹರಕೆ ಹೊತ್ತು ಬರಿಗಾಲಲ್ಲಿ ತಿರುನೆಲ್ಲಿಯ ದೇವಸ್ಥಾನಕ್ಕೆ ನಡೆದು ಹೋಗಿ ಬರುತ್ತಿದ್ದಳು. ಅಮ್ಮ ಅವಳನ್ನು ಬಂಜೆ ಎಂದ ದಿನ ಒಡೆದ ಸೌದೆ ಎರಡು ತಿಂಗಳಿಗಾಗಿತ್ತು.

ಅವನೇ ಬೀಗದ ಕೈ ಇಟ್ಟುಕೊಂಡವನು. ಔಷಧದ ಕಪಾಟು ತೆರೆದು ಟೆಟ್ರಾಸೈಕ್ಲಿನ್ ಪೊಟ್ಟಣವೊಂದನ್ನು ಅಂಗಿಯ ಜೇಬಿಗೆ ಇಳಿಸಿದ. ಗ್ಯಾಸಿಗೆ ಎಂದು ಹೇಳಿ ಕೊಟ್ಟರೆ ನುಂಗುತ್ತಾಳೆ. ತಾನೂ ನುಂಗಬಹುದು. ಡಾಕ್ಟರಿಗೆ ಒಂದು 'ಇಲ್ಲ' ಹೇಳಿದರಾಯಿತು, ಇಷ್ಟು ವರ್ಷ ಸಾವಿರ ಹೇಳಿಲ್ಲವೇ? ಆದರೆ ಸೋಮವಾರ? ಹಾಸಿಗೆ ಕೊಟ್ಟಿದ್ದಾರೆ, ತಾನು 'ಇಲ್ಲ' ಎಂದರೆ ಡಾಕ್ಟರ್ ಲೀಲ ಕಾಗದ ಬರೆಯುವುದಿಲ್ಲ, ಸರ್ಜನ್ ಅವಳ ಹೊಟ್ಟೆ ಕುಯ್ದು ಏನೂ ಆಗದ ಪಿತ್ತಕೋಶವನ್ನು ತೆಗೆದು ಬಟ್ಟಲಲ್ಲಿ ಹಾಕಿ ತನಗೇ ತೋರಿಸುತ್ತಾನೆ. ಅದನ್ನು ನೋಡಿ ತಾನು ತಲೆಯಾಡಿಸಬೇಕು. ದೇವಯ್ಯನಿಗೆ ಭಾಗ್ಯಮ್ಮನ ಮೇಲೆ ಪ್ರೀತಿಯಿತ್ತು. ಅದನ್ನು ಅವನು ಯಾವತ್ತೂ ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

ಭಾಗ್ಯಮ್ಮ ಬಂದಾಗ ಸರತಿ ಕರಗಿತ್ತು. ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಎಡಗೈಯಲ್ಲಿ ಕಾಗದದ ಚೀಲ ಹಿಡಿದು ನಿಧಾನ ನಡೆದು ಬಂದಳು. ನೀಲಿ ಅಂಚಿನ ಹೊಸ ಸೀರೆ ಉಟ್ಟಿದ್ದಳು. ಡಾಕ್ಟರು ಅವಳನ್ನು ಮಲಗಿಸಿ ಪಕ್ಕೆಯ ಕೆಳಗೆ ಒತ್ತಿ ನೋಡಿದರು, ಕಿಬ್ಬೊಟ್ಟೆ ಒತ್ತಿ ನೋಡಿದರು, ಕಾಗದಗಳನ್ನೆಲ್ಲ ಓದಿದರು. ಭಾಗ್ಯಮ್ಮ ಎದ್ದು ಸ್ಟೂಲಿನ ಮೇಲೆ ಕೂತಳು. ದೇವಯ್ಯ ತನ್ನ ಜಾಗದಲ್ಲಿ ನಿಂತ. ಹೆಂಡತಿಗೆ ಮಲಯಾಳ ಬರುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ್ದ. ಡಾಕ್ಟರು ಅವನಿಗೇ ಹೇಳಿದರು. ಅವರ ದನಿ ಮೆತ್ತಗಿತ್ತು, ಅದು ಇನ್ನೂ ಕಷ್ಟವಾಯಿತು.

'ಬಿಳಿ ಹೋಗುತ್ತಿತ್ತೇ, ಕಿಬ್ಬೊಟ್ಟೆ ನೋಯುತ್ತಿತ್ತೇ ಕೇಳಿ. ಗಂಡನಿಗೆ ಯಾವತ್ತಾದರೂ ಇಂಥ ರೋಗ ಬಂದಿತ್ತೇ, ಅವರು ಬೇರೆ ಕಡೆ ಹೋಗಿದ್ದರೇ ಅದನ್ನೂ ಕೇಳಿ. ನೀವೇ ಕೇಳಬೇಕು ದೇವಯ್ಯ, ಇಲ್ಲಿ ಬೇರೆ ಯಾರೂ ಇಲ್ಲ.'

ದೇವಯ್ಯ ಭಾಗ್ಯಮ್ಮನ ಕಡೆ ತಿರುಗಿದ. ಬಾಯಿ ತನ್ನ ಪಾಡಿಗೆ ತಾನು ತೆರೆಯಿತು. 'ಊಟ ಸೇರ್ತದಾ ಅಂತ ಕೇಳ್ತಾವ್ರೆ.'

ಭಾಗ್ಯಮ್ಮ ಅವನನ್ನು ನೋಡಿದಳು. ಕೋಪವಿರಲಿಲ್ಲ, ಬಹಳ ಹೊತ್ತು ಬಸ್ಸಿಗೆ ಕಾದವರ ಮುಖದಲ್ಲಿರುವಂಥ ಒಂದು ದಣಿವಿತ್ತು. 'ಅವ್ರು ಅದನ್ನಾ ಕೇಳುದ್ದು?' ಎಂದಳು.

ವಾರ್ಡಿನಿಂದ ಕೂಸು ಕೆಮ್ಮಿದ್ದು ಕೇಳಿಸಿತು, ಒಂದು, ಇನ್ನೊಂದು, ಮತ್ತೆ ಉಸಿರಿಗೆ ತಡಕಾಟ. ಪಕ್ಕದ ಮನೆಯ ಚೀರು ಜೊತೆ ಹನ್ನೊಂದು ವರ್ಷ ಬೇಲಿಯ ಆಚೆ ಈಚೆ ನಿಂತು ಭಾಗ್ಯಮ್ಮ ಆಡುತ್ತಿದ್ದ ಮಾತು ಯಾವ ಭಾಷೆಯದು? ಅವನು ಕಿವಿಗೊಟ್ಟಿರಲಿಲ್ಲ. ಅವಳಿಗೆ ಬರುವುದಿಲ್ಲ ಎಂದು ತಾನೇ ತೀರ್ಮಾನಿಸಿ ತಾನೇ ಊರಿಗೆಲ್ಲ ಹೇಳಿದ್ದ, ಮಾರನ್‌ನ ಮಂಡಿಯ ಹಾಗೆ.

'ಬಿಳಿ ಹೋಗ್ತಿತ್ತಾ ಅಂತ ಕೇಳ್ತಾವ್ರೆ' ಎಂದ. 'ಕಿಬ್ಬೊಟ್ಟೆ ನೋಯ್ತಿತ್ತಾ ಅಂತ.'

'ಎಷ್ಟೋ ವರ್ಷ' ಎಂದಳು ಭಾಗ್ಯಮ್ಮ. 'ನೀವು ಕೋರ್ಟ್ಗೆ ಹೋಗಿ ಬಂದ ವರ್ಷದಿಂದ. ಇನ್ನೇನು ಕೇಳುದ್ರು?'

'ನಿನ್ನ ಗಂಡ ಬೇರೆ ಹೆಂಗಸಿನ ಹತ್ರ ಹೋಗಿದ್ನಾ ಅಂತ.'

'ಅದ ನನ್ನ ಕೇಳುದ್ರ ನಾ ಏನ್ ಹೇಳ್ಲಿ? ಗೊತ್ತಿರೋರು ಹೇಳ್ಬೇಕು.'

ದೇವಯ್ಯ ಡಾಕ್ಟರ ಕಡೆ ತಿರುಗಿದ. ಹನ್ನೊಂದು ವರ್ಷದ ಅಭ್ಯಾಸ. ಬೇರೆಯವರ ಮಾತು ಹೇಳುವ ದನಿಯಲ್ಲೇ ಹೇಳಿದ. 'ಬಿಳಿ ಹೋಗುತ್ತಿತ್ತಂತೆ, ಹನ್ನೊಂದು ವರ್ಷದಿಂದ. ಗಂಡ ಹೋಗಿದ್ದ. ಕೋರ್ಟಿನ ಕೆಲಸಕ್ಕೆ ಹೋದಾಗ. ಅವನಿಗೆ ಉರಿ ಬಂದಿತ್ತು. ಎರಡು ದಿನ ಗುಳಿಗೆ ತಿಂದು ಬಿಟ್ಟುಬಿಟ್ಟ. ಹೆಂಡತಿಗೆ ಹೇಳಲಿಲ್ಲ.'

'ಯಾರು?' ಎಂದರು ಡಾಕ್ಟರು, ಗೊತ್ತಿದ್ದೂ.

'ನಾನು' ಎಂದ ದೇವಯ್ಯ. ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ, ಮಾರನ್‌ನ ಚೀಟಿಗಳ ಪಕ್ಕದಲ್ಲಿ ಇಟ್ಟ. ಅವನಿಗೆ ಅಳು ಬಂತು. ಅದನ್ನು ತಡೆದದ್ದು ಮಾನಕ್ಕಲ್ಲ. ಇಲ್ಲಿ ಅಳುವ ಸರದಿ ತನ್ನದಲ್ಲ ಎಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು.

ಡಾಕ್ಟರ್ ಲೀಲ ಪೆನ್ನಿನ ಮುಚ್ಚಳ ತೆಗೆದರು. ಸರ್ಜನ್‌ಗೆ ಕಾಗದ ಬರೆಯುತ್ತೇನೆ, ಸೋಮವಾರ ಕುಯ್ಯುವುದು ಬೇಡ, ಇಬ್ಬರೂ ಗುಳಿಗೆ ತೆಗೆದುಕೊಳ್ಳಬೇಕು. ರೋಗಾಣು ಉಳಿದಿದ್ದರೆ ಸಾಯುತ್ತದೆ, ಅದು ಬಿಟ್ಟುಹೋದ ಗಾಯದ ಕಲೆಗೆ ಗುಳಿಗೆಯಿಲ್ಲ, ಆಮೇಲೆ ನೋಡಬೇಕು ಎಂದು ಅವನಿಗೆ ಹೇಳುತ್ತ ಹೋದರು. ಅವರ ಮಾತು ಮುಗಿಯುವ ಮೊದಲೇ ಭಾಗ್ಯಮ್ಮ ಬಾಯಿ ತೆರೆದಳು. ಮಲಯಾಳದಲ್ಲಿ, ಚೀರುವಿನ ಬೇಲಿಯ ಮಲಯಾಳ, ತಪ್ಪಿಲ್ಲದ್ದು.

'ಎಷ್ಟು ದಿವಸ ತಿನ್ನಬೇಕು ಡಾಕ್ಟರೇ?'

'ಹದಿನಾಲ್ಕು ದಿನ' ಎಂದರು ಡಾಕ್ಟರು, ಬೆರಗಾಗಿ.

'ಮಕ್ಕಳಾಗದೆ ಇದ್ದದ್ದೂ ಇದರಿಂದಲೇ?'

ಡಾಕ್ಟರು ಪೆನ್ನು ಕೆಳಗಿಟ್ಟರು. 'ಖಂಡಿತ ಅಂತ ಹೇಳಲಾರೆ. ಇರಬಹುದು. ನಿಮ್ಮ ತಪ್ಪಿನಿಂದ ಅಲ್ಲ ಅನ್ನುವುದನ್ನು ಮಾತ್ರ ಖಂಡಿತ ಹೇಳುತ್ತೇನೆ.'

ದೇವಯ್ಯ ಅಭ್ಯಾಸಬಲದಿಂದ ಹೆಂಡತಿಯ ಕಡೆ ಬಗ್ಗಿದ. 'ಭಾಗ್ಯ, ಅವ್ರು ಏನಂತಾವ್ರೆ ಅಂದ್ರೆ...'

ಭಾಗ್ಯಮ್ಮ ಪಕ್ಕೆಯನ್ನು ಒತ್ತಿಕೊಂಡಿದ್ದ ಕೈಯನ್ನು ತೆಗೆದು, ಸಾಕು ಎಂಬಂತೆ ಅವನ ಮುಂದೆ ಹಿಡಿದಳು.

'ಗೊತ್ತಾಯ್ತು' ಎಂದಳು. 'ನೀವು ಸ್ವಲ್ಪ ಆ ಕಡೆ ನಿಂತ್ಕೊಳಿ. ನನ್ಗ ಅವ್ರ ಮುಖ ಕಾಣ್ಸದಿಲ್ಲ.'

ದೇವಯ್ಯ ಎರಡು ಹೆಜ್ಜೆ ಸರಿದು ಗೋಡೆಯ ಪಕ್ಕ ನಿಂತ.